ಮುದುಕರ ಕಲಮು

ಸೀಡರ್ ಫೋರ್ಕ್ ಊರಿನ ಮೌಂಟ್ ಗಿಲಿಯಡ್ ಚರ್ಚಿನ ಹಿಂದೆ ಒಂದು ಅಡುಗೆಮನೆಯಿದೆ. ಅದರ ಬಾಗಿಲು ಆರೂಕಾಲು ಅಡಿ ಎತ್ತರ. ಆರ್ಡೆಲ್ ಮೇಹ್ಯೂ ಆರು ಅಡಿ ಹತ್ತು ಅಂಗುಲ. ಹದಿನಾಲ್ಕನೇ ವಯಸ್ಸಿನಲ್ಲಿ ಅವನು ಮೊದಲ ಸಲ ಆ ಬಾಗಿಲಿಗೆ ಹಣೆ ಬಡಿದುಕೊಂಡ ದಿನ ದೊಡ್ಡಮ್ಮ ಒಡೆಸ್ಸಾ ಊದಿದ ಜಾಗಕ್ಕೆ ಬೆಣ್ಣೆ ಸವರುತ್ತಾ, "ದೇವರ ಮನೆಗೆ ಬಗ್ಗಿ ಬಾ ಅಂತ ಬಾಗಿಲೇ ಹೇಳ್ತಿದೆ ಕಣೋ, ಕೇಳಿಸ್ಕೋ" ಎಂದಿದ್ದಳು. ಆಮೇಲೆ ಅವನು ಎಲ್ಲಾ ಬಾಗಿಲುಗಳಲ್ಲೂ ಬಗ್ಗಿಯೇ ನಡೆದ. ದೊಡ್ಡ ಊರುಗಳ ದೊಡ್ಡ ಕ್ರೀಡಾಂಗಣಗಳಲ್ಲಿ, ಇಬ್ಬರು ಒಬ್ಬರ ಮೇಲೊಬ್ಬರು ನಿಂತು ಹಾಯಬಹುದಾದ ಬಾಗಿಲುಗಳಲ್ಲೂ ಬಗ್ಗುತ್ತಿದ್ದ. ಜೊತೆಯ ಆಟಗಾರರು ನಗುತ್ತಿದ್ದರು. ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುವುದನ್ನೂ ಕಂಡು ಅವನಿಗೆ ಡೀಕನ್, ಅಂದರೆ ಚರ್ಚಿನ ಹಿರಿಯ, ಎಂದೇ ಹೆಸರಿಟ್ಟಿದ್ದರು.

ಆ ವರ್ಷದ ಅಕ್ಟೋಬರಿನಲ್ಲಿ, ಬೇರೆ ವರ್ಷವಾಗಿದ್ದರೆ ಬಾಸ್ಕೆಟ್‌ಬಾಲ್ ಅಭ್ಯಾಸದಲ್ಲಿ ಬೆವರು ಸುರಿಸುತ್ತಿರಬೇಕಾದ ಹೊತ್ತಿನಲ್ಲಿ, ಆರ್ಡೆಲ್ ಆ ಅಡುಗೆಮನೆಯಲ್ಲಿ ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ಮೀನು ಕರಿಯುತ್ತಿದ್ದ. ಜುಲೈ ಒಂದನೇ ತಾರೀಖು ತಂಡಗಳ ಮಾಲೀಕರೆಲ್ಲ ಸೇರಿ ಲೀಗಿಗೆ ಬೀಗ ಹಾಕಿದ್ದರು. ಆಟದಿಂದ ಬರುವ ಹಣದಲ್ಲಿ ಆಟಗಾರರ ಪಾಲು ಮಿತಿಮೀರಿದೆ ಎಂಬುದು ಅವರ ದೂರು. ಜನ ದುಡ್ಡು ಕೊಟ್ಟು ಬರುವುದು ಆಟಗಾರರನ್ನು ನೋಡಲೇ ಹೊರತು ಮಾಲೀಕರ ಕೋಟು ನೋಡಲಲ್ಲ ಎಂಬುದು ಆಟಗಾರರ ಸಂಘದ ಉತ್ತರ. ಹೊಸ ಒಪ್ಪಂದವಾಗುವವರೆಗೆ ಅಭ್ಯಾಸವಿಲ್ಲ, ಆಟವಿಲ್ಲ, ಸಂಬಳವಿಲ್ಲ.

ಚೌಕಾಸಿಗೆ ಕೂರುವ ಸಂಘದ ಸಮಿತಿಯಲ್ಲಿ ಆರ್ಡೆಲ್ ಕೂಡ ಇದ್ದ. ಅವನು ತಾರೆಯಲ್ಲ. ಹನ್ನೊಂದು ವರ್ಷ, ನಾಲ್ಕು ತಂಡ, ಹೆಚ್ಚಿನ ಕಾಲ ಬೆಂಚಿನ ಮೇಲೆ. ದೊಡ್ಡವರು ಸುಸ್ತಾದಾಗ ಹೋಗಿ ಎದುರಾಳಿಗೆ ಗೋಡೆಯಂತೆ ಅಡ್ಡ ನಿಲ್ಲುವುದು, ಬಿದ್ದ ಹುಡುಗರನ್ನು ಎಬ್ಬಿಸುವುದು ಅವನ ಕೆಲಸ. ಆದರೆ ನಾನೂರು ಪುಟದ ಹಳೆಯ ಒಪ್ಪಂದವನ್ನು ಮೊದಲಿಂದ ಕೊನೆವರೆಗೆ ಓದಿದ್ದ ಆಟಗಾರ ಅವನೊಬ್ಬನೇ. ಬಸ್ಸಿನಲ್ಲಿ ಬೈಬಲ್ ಮುಗಿದಾಗ ಅದನ್ನೇ ಓದುತ್ತಿದ್ದನಂತೆ. ಹೀಗಾಗಿ ಸಮಿತಿಗೆ ಆರಿಸಿದರು.

ಅವನ ಸ್ವಂತ ಒಪ್ಪಂದ ಜೂನ್ ಮೂವತ್ತಕ್ಕೆ, ಬೀಗ ಬೀಳುವ ಹಿಂದಿನ ದಿನ, ಮುಗಿದಿತ್ತು. ವಯಸ್ಸು ಮೂವತ್ತನಾಲ್ಕು. ಬೀಗ ತೆಗೆದಾಗ ಯಾರಾದರೂ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನಿಗೆ ಬೇಕಿದ್ದುದು ಇನ್ನೊಂದೇ ಒಂದು ವರ್ಷದ ಆಟ. ಅದಕ್ಕೆ ಕಾರಣ ದೊಡ್ಡಮ್ಮ.

ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಒಡೆಸ್ಸಾ. ಎಂಬತ್ತರ ಈ ಹೆಂಗಸು ಅವನು ಆಡುವುದನ್ನು ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ. ಭಾನುವಾರ ಆರಾಧನೆ. ಸೋಮವಾರ ಕಾಯಿಲೆಯವರ ಮನೆಗಳಿಗೆ ಭೇಟಿ. ಮಂಗಳವಾರ ಹೆಂಗಸರ ಮಂಡಳಿ. ಬುಧವಾರ ಬೈಬಲ್ ಪಾಠ. ಶುಕ್ರವಾರ ಚರ್ಚಿನ ನಿಧಿಗೆ ಮೀನು ಕರಿದು ಮಾರುವುದು. ಶನಿವಾರ ಹಾಡಿನವರ ಅಭ್ಯಾಸ. ಬಿಡುವಿದ್ದದ್ದು ಗುರುವಾರ ಮಾತ್ರ. ಅವನು ಹತ್ತಿರದ ನಗರದ ತಂಡಕ್ಕೆ ಬಂದ ನಾಲ್ಕು ವರ್ಷದಲ್ಲಿ ಗುರುವಾರ ಅಲ್ಲಿ ಆಟ ಬಿದ್ದದ್ದು ಎರಡೇ ಸಲ. ಒಮ್ಮೆ ಸಾವಿನ ಮನೆಗೆ ಅಡುಗೆ ಮಾಡಬೇಕಿತ್ತು. ಇನ್ನೊಮ್ಮೆ ಹಿಮ ಬಿದ್ದು ರಸ್ತೆ ಮುಚ್ಚಿತ್ತು. "ಈ ವರ್ಷ ಗುರುವಾರ ಏನೇ ಕೆಲಸ ಬಂದ್ರೂ ಬೇರೆಯವರಿಗೆ ಬಿಟ್ಟುಕೊಡ್ತೀನಿ. ಯಾವ ಗುರುವಾರ ಆಟ ಇದ್ರೂ ಬಂದೇ ಬರ್ತೀನಿ" ಎಂದು ಅವಳು ಈಸ್ಟರ್ ದಿನ ಮಾತು ಕೊಟ್ಟಿದ್ದಳು. ಒಡೆಸ್ಸಾ ಕೊಟ್ಟ ಮಾತೆಂದರೆ ಮುಗಿಯಿತು. ಆದರೆ ಅವಳು ಬಂದು ನೋಡಬೇಕಾದರೆ ಅವನು ಯಾವುದಾದರೊಂದು ತಂಡದಲ್ಲಿ ಇರಬೇಕಲ್ಲ?

ಅದರ ಬಗ್ಗೆ ಆರ್ಡೆಲ್‌ಗೆ ಆಗ ಚಿಂತೆಯಿರಲಿಲ್ಲ. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಹೋಟೆಲಿನ ಉದ್ದನೆಯ ಮೇಜಿನ ಮುಂದೆ ಅವನು ಒಂದು ಗೆಲುವು ಸಾಧಿಸಿ ಬಂದಿದ್ದ. ಅದುವರೆಗೆ ಲೀಗಿನಲ್ಲಿ ಕನಿಷ್ಠ ಸಂಬಳ ಎಲ್ಲರಿಗೂ ಒಂದೇ ಇತ್ತು. ನಿನ್ನೆ ಬಂದ ಹುಡುಗನಿಗೂ ಮೂರು ಲಕ್ಷ ಡಾಲರು, ಹತ್ತು ವರ್ಷ ಮೊಣಕಾಲು ಸವೆಸಿದವನಿಗೂ ಅಷ್ಟೇ. ಎಲ್ಲರ ಎದುರು ಎದ್ದು ನಿಂತ ಆರ್ಡೆಲ್ ತನ್ನ ಪ್ಯಾಂಟನ್ನು ಮಂಡಿಯವರೆಗೆ ಎತ್ತಿ ಹೊಲಿಗೆ ಗುರುತುಗಳನ್ನು ತೋರಿಸಿ, "ಸ್ವಾಮಿ, ಇವು ಒಂದೊಂದೂ ಒಂದೊಂದು ವರ್ಷ" ಎಂದಿದ್ದ. ಮಾಲೀಕರು ಒಳಗೊಳಗೇ ಮಾತಾಡಿಕೊಂಡು, ಅಚ್ಚರಿಯೆಂಬಂತೆ, ಒಪ್ಪಿಬಿಟ್ಟರು. ವರ್ಷ ಹೆಚ್ಚಿದಂತೆ ಮೆಟ್ಟಿಲು ಮೆಟ್ಟಿಲಾಗಿ ಕನಿಷ್ಠ ಸಂಬಳ ಏರಬೇಕು. ಹತ್ತು ವರ್ಷ ದಾಟಿದವನಿಗೆ ಹತ್ತು ಲಕ್ಷಕ್ಕೆ ಒಂದು ಡಾಲರೂ ಕಡಿಮೆಯಿಲ್ಲ. ಆಟಗಾರರು ಅವನನ್ನು ಹೆಗಲ ಮೇಲೆ ಎತ್ತಲು ಹೋಗಿ, ಭಾರಕ್ಕೆ ಸೋತು, ಕೈಬಿಟ್ಟಿದ್ದರು.

ಇಷ್ಟು ಸುಲಭವಾಗಿ ಯಾಕೆ ಒಪ್ಪಿದರು ಎಂಬ ಪ್ರಶ್ನೆ ಅಂದು ಯಾರ ತಲೆಗೂ ಬರಲಿಲ್ಲ.

*

ಅಕ್ಟೋಬರಿನ ಮೂರನೇ ಶುಕ್ರವಾರ ಮಧ್ಯಾಹ್ನ ಚರ್ಚಿನ ಅಂಗಳದಲ್ಲಿ ಮೀನಿಗೆ ಸಾಲು ನಿಂತಿತ್ತು. ಸಾಲಿನಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದ ಒಬ್ಬ ಗುಂಡನೆಯ ಬಿಳಿಯ ಮನುಷ್ಯನೂ ನಿಂತಿದ್ದ. ಅವನನ್ನು ಕಂಡ ಆರ್ಡೆಲ್‌ನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯ ಮೇಲೇ ನಿಂತಿತು. ಅವನು ವಾಲ್ಟ್ ಡೊಂಬ್ರೊವ್‌ಸ್ಕಿ, ಆರ್ಡೆಲ್ ನಾಲ್ಕು ವರ್ಷ ಆಡಿದ ನಗರದ ತಂಡದ ತರಬೇತುದಾರ. ಮೀನು ತಿನ್ನಲು ಎರಡು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ.

ಬೀಗ ಇರುವಷ್ಟು ಕಾಲ ತರಬೇತುದಾರರು ಆಟಗಾರರ ಜೊತೆ ಮಾತಾಡುವಂತಿಲ್ಲ. ಫೋನಿಲ್ಲ, ಕಾಗದವಿಲ್ಲ, ದಾರಿಯಲ್ಲಿ ಸಿಕ್ಕರೆ ನಮಸ್ಕಾರವೂ ಇಲ್ಲ. ಸಿಕ್ಕಿಬಿದ್ದರೆ ಲೀಗು ಹಾಕುವ ದಂಡದಲ್ಲಿ ಒಂದು ಮನೆ ಕಟ್ಟಿಸಬಹುದು.

ವಾಲ್ಟ್ ತಟ್ಟೆ ಹಿಡಿದು ಒಡೆಸ್ಸಾಳ ಮುಂದೆ ಬಂದ. ಅವಳ ಪಕ್ಕದಲ್ಲೇ ಬೆಟ್ಟದಂತೆ ನಿಂತಿದ್ದ ಆರ್ಡೆಲ್‌ನನ್ನು ಬಿಟ್ಟು ಸೂರು, ಕಿಟಕಿ, ಉಪ್ಪಿನ ಡಬ್ಬಿ ಎಲ್ಲವನ್ನೂ ನೋಡಿದ.

"ನಮಸ್ಕಾರ ಅಮ್ಮಾ. ಎರಡು ತುಂಡು ಮೀಸೆ ಮೀನು ಹಾಕಿ. ಇಲ್ಲಿ ಕರೀತಾ ಇರೋರು ಯಾರೋ ನಂಗೆ ಗೊತ್ತಿಲ್ಲ."

"ಗೊತ್ತಿಲ್ವಾ? ನಾಲ್ಕು ವರ್ಷ ನಿಮ್ಮ ಕೈ ಕೆಳಗೇ ಇದ್ನಲ್ರೀ!"

"ಇದ್ದಿರಬಹುದು. ಲೀಗಿನ ನಿಯಮದ ಪ್ರಕಾರ ನಂಗೆ ನೆನಪಿಲ್ಲ."

ಒಡೆಸ್ಸಾ ಇಕ್ಕಳ ಕೆಳಗಿಟ್ಟಳು. "ನೋಡಿ ಸಾರ್, ನನ್ನ ಅಡುಗೆಮನೇಲಿ ಸುಳ್ಳು ಹೇಳಿದ್ರೆ ಮೀನು ಸಿಗಲ್ಲ."

ವಾಲ್ಟ್ ಟೋಪಿ ತೆಗೆದ. ಯೋಚಿಸಿದ. "ಸರಿ. ನನಗೆ ಅವನು ಗೊತ್ತು. ಆದ್ರೆ ಅವನ ಜೊತೆ ಮಾತಾಡೋ ಹಾಗಿಲ್ಲ. ಮೀನಿನ ಜೊತೆ ಮಾತಾಡಬಹುದಾ?"

"ದೇವರು ಸೃಷ್ಟಿಸಿದ ಯಾವ ಜೀವಿ ಜೊತೆ ಬೇಕಾದ್ರೂ ಮಾತಾಡಿ" ಎಂದು ಅವಳು ಎರಡು ತುಂಡಿನ ಜೊತೆ ಮೂರನೆಯದನ್ನೂ ಹಾಕಿದಳು.

ವಾಲ್ಟ್ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತು ಮೀನಿಗೆ ಖಾರದ ನೀರು ಚಿಮುಕಿಸಿದ. ಆಮೇಲೆ ಅದನ್ನೇ ನೋಡುತ್ತಾ ಮೆಲ್ಲಗೆ ಶುರುಮಾಡಿದ.

"ಏನಪ್ಪಾ ಮೀನೇ, ಚೆನ್ನಾಗಿದ್ದೀಯಾ? ನನ್ನ ತಂಡದಲ್ಲಿ ಈ ಸಲ ಇಬ್ಬರು ಇಪ್ಪತ್ತು ವರ್ಷದ ಹುಡುಗರು ಬರ್ತಿದ್ದಾರೆ. ತೆಂಗಿನ ಮರದ ಹಾಗಿದ್ದಾರೆ, ಬುದ್ಧಿ ಇನ್ನೂ ಮೊಳಕೆ. ಅವರಿಗೆ ಎಲ್ಲಿ ನಿಲ್ಲಬೇಕು, ಯಾವಾಗ ಬಾಯಿ ಮುಚ್ಚಬೇಕು ಅಂತ ಹೇಳಿಕೊಡೋಕೆ ಒಬ್ಬ ಹಳಬ ಬೇಕು. ನಂಗೊಬ್ಬ ಗೊತ್ತು. ಬಾಗಿಲು ಕಂಡಲ್ಲೆಲ್ಲ ಬಗ್ತಾನೆ."

ಆರ್ಡೆಲ್‌ನ ಎದೆ ಅರಳಿತು. ಅವನೂ ಎಣ್ಣೆಯಲ್ಲಿದ್ದ ಮೀನಿಗೇ ಹೇಳಿದ. "ಕರೆದ್ರೆ ಆ ಹಳಬ ನಡ್ಕೊಂಡಾದ್ರೂ ಬರ್ತಾನೆ."

"ಅದೇ ತೊಂದರೆ ಮೀನಪ್ಪಾ" ಎಂದು ವಾಲ್ಟ್ ನಿಟ್ಟುಸಿರು ಬಿಟ್ಟ. "ಹೋದ ವರ್ಷ ಆಗಿದ್ರೆ ಕರೀತಿದ್ದೆ. ಮುದುಕನಿಗೂ ಮೂರು ಲಕ್ಷ, ಹುಡುಗನಿಗೂ ಮೂರು ಲಕ್ಷ. ಈಗ ಯಾರೋ ಪುಣ್ಯಾತ್ಮ ನ್ಯೂಯಾರ್ಕಲ್ಲಿ ಪ್ಯಾಂಟ್ ಎತ್ತಿ ಮುದುಕರಿಗೆ ಹತ್ತು ಲಕ್ಷ ಮಾಡಿಸಿಬಿಟ್ಟ. ನಮ್ಮ ಯಜಮಾನರು ಏನಂದ್ರು ಗೊತ್ತಾ? 'ವಾಲ್ಟ್, ಒಬ್ಬ ಮುದುಕನ ದುಡ್ಡಲ್ಲಿ ಮೂರು ಹುಡುಗರು ಬರ್ತಾರೆ. ಮುದುಕರ ಕಾಲ ಮುಗೀತು.' ಎಲ್ಲಾ ಮಾಲೀಕರೂ ಹಾಗೇ ಅಂದ್ಕೊಂಡಿದ್ದಾರೆ. ಅದಕ್ಕೇ ಅಷ್ಟು ಬೇಗ ಒಪ್ಪಿದ್ದು."

ಎಣ್ಣೆಯಲ್ಲಿದ್ದ ಮೀನು ಕಪ್ಪಗಾಯಿತು. ಆರ್ಡೆಲ್ ಅದನ್ನು ತೆಗೆಯಲಿಲ್ಲ.

ವಾಲ್ಟ್ ತಟ್ಟೆ ಖಾಲಿ ಮಾಡಿ ಎದ್ದ. ಬಾಗಿಲ ಬಳಿ ತಿರುಗಿ, ಈ ಸಲ ಉಪ್ಪಿನ ಡಬ್ಬಿಗೆ, "ಬೇಜಾರು ಮಾಡ್ಕೋಬೇಡ ಮಾರಾಯ" ಎಂದು ಹೇಳಿ ಹೋದ.

*

ಸಾಲು ಕರಗಿದ ಮೇಲೆ ಆರ್ಡೆಲ್ ಹಿಂದಿನ ಮೆಟ್ಟಿಲ ಮೇಲೆ ಕೂತ. ಮೆಟ್ಟಿಲು ಚಿಕ್ಕದು, ಮಂಡಿ ಗಲ್ಲದವರೆಗೆ ಬಂತು. ಆ ಮಂಡಿಗಳನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಒಡೆಸ್ಸಾ ಸಿಹಿಗೆಣಸಿನ ಕಡುಬಿನ ದೊಡ್ಡ ತುಂಡು ತಂದು ಪಕ್ಕದಲ್ಲಿಟ್ಟಳು.

"ತಿನ್ನು."

"ದೊಡ್ಡಮ್ಮ, ನನ್ನ ಕೈಯಾರೆ ನನಗೇ ಬೀಗ ಹಾಕ್ಕೊಂಡೆ. ನನಗೊಬ್ಬನಿಗಲ್ಲ, ನನ್ನಂಥ ಅರವತ್ತು ಜನಕ್ಕೆ. ಎಲ್ಲರೂ ಫೋನ್ ಮಾಡಿ ಥ್ಯಾಂಕ್ಸ್ ಬೇರೆ ಹೇಳಿದ್ರು."

"ತಿನ್ಕೊಂಡು ಅಳು. ಖಾಲಿ ಹೊಟ್ಟೇಲಿ ಅತ್ರೆ ತಲೆನೋವು ಬರುತ್ತೆ."

ಅವನು ತಿಂದ. ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಸೀಡರ್ ಮರಗಳ ಕಡೆ ನೋಡುತ್ತಾ ಕೂತಳು. "ರೆವರೆಂಡ್ ಹೊಸಿಯಾ ಲಾಕಮಿ ನೆನಪಿದ್ದಾರಾ?" ಎಂದು ಕೇಳಿದಳು.

"ಎರಡೂವರೆ ಗಂಟೆ ಉಪದೇಶ ಮಾಡೋರಲ್ವಾ?"

"ಅವರೇ. ನೀನು ಹುಟ್ಟೋಕೆ ಮುಂಚೆ ನಮ್ಮ ಜಿಲ್ಲೆಯ ಹದಿನಾಲ್ಕು ಚರ್ಚಿನ ಹಿರಿಯರು ಕೂತು ಒಂದು ಒಳ್ಳೇ ಕೆಲಸ ಮಾಡಿದ್ರು. ಸುಗ್ಗಿ ಆದ್ಮೇಲೆ ವಾರಗಟ್ಟಲೆ ಆರಾಧನೆ ಇರುತ್ತಲ್ಲ, ಅದಕ್ಕೆ ಬರೋ ಪರಸ್ಥಳದ ಬೋಧಕರಿಗೆ ವಯಸ್ಸು ನೋಡಿ ಕಾಣಿಕೆ ಕೊಡ್ಬೇಕು ಅಂತ ತೀರ್ಮಾನ. ಹುಡುಗ ಬೋಧಕನಿಗೆ ಹತ್ತು ಡಾಲರ್. ನಲವತ್ತು ವರ್ಷ ಸೇವೆ ಮಾಡಿದವರಿಗೆ ನಲವತ್ತು. ಹಿರಿಯರಿಗೆ ಗೌರವ ಅಲ್ವಾ? ಎಲ್ಲರೂ ಚಪ್ಪಾಳೆ ತಟ್ಟಿದ್ವಿ. ಮೂರು ವರ್ಷದಲ್ಲಿ ಏನಾಯ್ತು ಹೇಳು?"

ಆರ್ಡೆಲ್ ಅಗಿಯುವುದನ್ನು ನಿಲ್ಲಿಸಿದ. "ಯಾರೂ ಅವರನ್ನ ಕರೀಲಿಲ್ಲ."

"ಒಂದೇ ಒಂದು ಚರ್ಚೂ ಕರೀಲಿಲ್ಲ. ಎಲ್ಲಾ ಬಡ ಚರ್ಚುಗಳು. ಹತ್ತು ಡಾಲರಿಗೆ ಹುಡುಗ ಸಿಗೋವಾಗ ನಲವತ್ತು ಎಲ್ಲಿಂದ ತರ್ತಾರೆ? ರೆವರೆಂಡ್ ಲಾಕಮಿ ಪ್ರತಿ ಶನಿವಾರ ಬೂಟಿಗೆ ಪಾಲಿಶ್ ಹಾಕಿ ಜಗಲಿ ಮೇಲೆ ಇಡೋರು. ಕರೆಯೋಕೆ ಬಂದ್ರೆ ತಡ ಆಗ್ಬಾರದು ಅಂತ. ಅವರಿಗೆ ಯಾರೂ ಕೆಟ್ಟದ್ದು ಮಾಡಿರಲಿಲ್ಲ ಕಣೋ. ಗೌರವ ಕೊಟ್ಟೂ ಕೊಟ್ಟೂ ಮನೇಲಿ ಕೂರಿಸಿದ್ವಿ ಅಷ್ಟೇ."

ಸೀಡರ್ ಮರದ ನೆರಳು ಮೆಟ್ಟಿಲವರೆಗೆ ಬಂದಿತ್ತು. ಒಡೆಸ್ಸಾ ಮುಂದುವರಿಸಿದಳು.

"ಹೆಂಗಸರ ಮಂಡಳಿಯಲ್ಲಿ ನಾನು ಎದ್ದು ಹೇಳಿದೆ. ಕರೆಯೋ ಚರ್ಚು ಹುಡುಗನಿಗೆ ಕೊಡೋ ಹತ್ತೇ ಡಾಲರ್ ಕೊಡಲಿ. ಬರೋದು ಯಾರೇ ಆಗಿರ್ಲಿ, ಅವರ ಕೈಯಿಂದ ಹತ್ತೇ. ಮಿಕ್ಕ ಮೂವತ್ತು ಹದಿನಾಲ್ಕು ಚರ್ಚಿನ ಜಂಟಿ ಡಬ್ಬಿಯಿಂದ ಹೋಗ್ಲಿ. ಆಗ ಹಳಬರನ್ನ ಕರೆದವರಿಗೂ ಹೊರೆ ಇಲ್ಲ, ಹಳಬರಿಗೂ ಅವಮಾನ ಇಲ್ಲ. ಗಂಡಸರು ನಕ್ಕರು. ಆಮೇಲೆ ನಾವು ಮೂರು ಶುಕ್ರವಾರ ಮೀನು ಕರಿಯೋದು ನಿಲ್ಲಿಸಿದ್ವಿ."

"ಆಮೇಲೆ?"

"ನಾಲ್ಕನೇ ಶುಕ್ರವಾರ ಒಪ್ಪಿದ್ರು."

ಆರ್ಡೆಲ್ ಎದ್ದು ನಿಂತ. ಎಷ್ಟು ಜೋರಾಗಿ ಎದ್ದನೆಂದರೆ ತಟ್ಟೆ ಮೆಟ್ಟಿಲಿಳಿದು ಅಂಗಳಕ್ಕೆ ಉರುಳಿತು. ದೊಡ್ಡಮ್ಮನ ಎರಡೂ ಕೆನ್ನೆಗೆ ಮುತ್ತಿಟ್ಟು ಒಳಗೆ ಓಡಿದ. ಆ ಸಂಭ್ರಮದಲ್ಲಿ ಇಪ್ಪತ್ತು ವರ್ಷದ ಮೇಲೆ ಮೊದಲ ಸಲ ಬಗ್ಗುವುದನ್ನು ಮರೆತ. ಹಣೆ ಬಡಿದ ಸದ್ದು ಒಡೆಸ್ಸಾಗೆ ಹೊರಗೇ ಕೇಳಿಸಿತು.

"ಬೆಣ್ಣೆ ಮೇಲಿನ ಅಟ್ಟದಲ್ಲಿದೆ" ಎಂದು ಅವಳು ಕೂತಲ್ಲಿಂದಲೇ ಕೂಗಿದಳು.

*

ನ್ಯೂಯಾರ್ಕಿಗೆ ಹೋಗುವಾಗ ವಿಮಾನದಲ್ಲಿ ಅವನು ಪ್ರಾರ್ಥಿಸಿದ್ದು ಗೆಲುವಿಗಾಗಿ ಅಲ್ಲ. ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳುವಷ್ಟು ಗಟ್ಟಿಯಾದ ಗಂಟಲು ಕೊಡು ಎಂದು ಕೇಳಿದ.

ಮಾಲೀಕರನ್ನು ನೋಡುವ ಮುಂಚೆ ಸಂಘದ ಸಮಿತಿ ಹೋಟೆಲಿನ ಚಿಕ್ಕ ಕೋಣೆಯಲ್ಲಿ ಸೇರಿತು. ಸಂಘದ ವಕೀಲೆ ಮಿರಿಯಂ ಸೊಕೊಲಾಫ್ ಮೇಜಿನ ತುದಿಯಲ್ಲಿ ಸೌತೆಕಾಯಿಯ ಉಪ್ಪಿನಕಾಯಿ ಕಚ್ಚುತ್ತಾ ಕೂತಿದ್ದಳು. ಎದುರಿಗೆ ಡೆಸ್ಮಂಡ್ ವಿಕರಿ. ಲೀಗಿನ ದೊಡ್ಡ ತಾರೆ, ಕೈಗಡಿಯಾರ ಹಾರುವ ತಟ್ಟೆಯಷ್ಟಿತ್ತು. ಆರ್ಡೆಲ್ ಎದ್ದು ಎಲ್ಲವನ್ನೂ ಹೇಳಿದ: ತಾನು ಗೆದ್ದ ಮೆಟ್ಟಿಲು ಸಂಬಳ, ಅದರಿಂದ ಹಳಬರಿಗೆ ಬರುವ ಕುತ್ತು, ದೊಡ್ಡಮ್ಮನ ಜಂಟಿ ಡಬ್ಬಿ. ವಾಲ್ಟ್‌ನ ಹೆಸರು ಮಾತ್ರ ಹೇಳಲಿಲ್ಲ. "ಒಂದು ಮೀನಿಂದ ಗೊತ್ತಾಯ್ತು" ಎಂದ.

ವಿಕರಿ ನಕ್ಕ. "ಏನ್ ಡೀಕನ್, ಗೆದ್ದಿದ್ದನ್ನ ವಾಪಸ್ ಕೊಡೋಕೆ ಬಂದ್ಯಾ?"

"ಇಲ್ಲ ಗುರು. ಅದು ಕೈಗೆ ಸಿಗೋ ಹಾಗೆ ಮಾಡೋಕೆ ಬಂದೆ. ಕಾಗದದ ಮೇಲಿನ ಹತ್ತು ಲಕ್ಷ ಮನೇಲಿ ಕೂತವನಿಗೆ ಬರಲ್ಲ."

"ಆ ಡಬ್ಬಿಗೆ ದುಡ್ಡು ಎಲ್ಲಿಂದ ಬರುತ್ತೆ? ಕೊನೆಗೆ ನಮ್ಮ ಪಾಲಿಂದಾನೇ ತಾನೆ? ನೋಡು, ಈ ಸಲ ಮಾಲೀಕರು ನಮ್ಮಂಥವರ ಸಂಬಳಕ್ಕೆ ಮಿತಿ ಹಾಕಿ ಅಂತ ಹಟ ಹಿಡಿದಿದ್ದಾರೆ. ನನ್ನ ತಲೆ ಮೇಲೆ ಸೂರು ಹಾಕ್ತಿದ್ದಾರೆ. ಈಗ ನಾನೇ ದುಡ್ಡು ಕೊಟ್ಟು ನಿನ್ನ ಕಾಲ ಕೆಳಗೆ ನೆಲ ಹಾಕಿಸ್ಬೇಕಾ?"

ಆರ್ಡೆಲ್ ಹಣೆಯ ಮೇಲಿದ್ದ ಬೋರೆಕಾಯಿಯಷ್ಟು ಊತವನ್ನು ಮುಟ್ಟಿಕೊಂಡ.

"ಸೂರು ತಗ್ಗಿದ್ರೆ ಏನೂ ಆಗಲ್ಲ ಡೆಸ್ಮಂಡ್. ನಾನು ಹುಟ್ಟಿದಾಗಿಂದ ಬಗ್ತಾನೇ ಇದ್ದೀನಿ, ಒಳಗೆ ಹೋಗಿ ಊಟ ಮಾಡ್ಕೊಂಡೇ ಬರ್ತೀನಿ. ನಮ್ಮಂಥವರಿಗೆ ಬಾಗಿಲೇ ಇರಲ್ಲ ಅಂತಿದ್ದಾರಲ್ಲ, ಕಷ್ಟ ಅದು. ನಿನಗೂ ಒಂದಿನ ಮೂವತ್ತನಾಲ್ಕು ಆಗುತ್ತೆ."

"ಬಾಯಿ ಮುಚ್ಚೋ, ಅಪಶಕುನ ನುಡೀಬೇಡ!" ಎಂದು ವಿಕರಿ ಮೇಜು ಕುಟ್ಟಿದ. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವನು ಗಡಿಯಾರ ತಿರುಗಿಸುತ್ತಾ ಮೆತ್ತಗೆ ಹೇಳಿದ. "ನಾನು ಬಂದ ವರ್ಷ ಬಾಬ್ ಕ್ರೆನ್ಶಾ ಅಂತ ಒಬ್ಬ ಮುದುಕ ಇದ್ದ. ದಿನಾ ಬೆಳಿಗ್ಗೆ ಬಾಗಿಲು ಬಡಿದು ಎಬ್ಬಿಸೋನು. ಅವನಿಲ್ದಿದ್ರೆ ನಾನು ಮೊದಲ ವರ್ಷದ ಬಸ್ಸೆಲ್ಲ ತಪ್ಪಿಸ್ಕೋತಿದ್ದೆ. ಆಯ್ತು ಡೀಕನ್. ಕೇಳು ಹೋಗು."

ಮಿರಿಯಂ ಕಾಗದದ ಕರವಸ್ತ್ರದ ಮೇಲೆ ಏನೋ ಗೀಚಿ ಮುಗಿಸಿದ್ದಳು. "ಇಪ್ಪತ್ತು ವರ್ಷದಿಂದ ವಕೀಲೆ ನಾನು. ಇದು ಮೊದಲು ನನ್ನ ಕಣ್ಣಿಗೆ ಬೀಳ್ಬೇಕಿತ್ತು. ಅರವತ್ತು ಜನ ಹಳಬರು, ಲೀಗಿನ ಒಟ್ಟು ಗಳಿಕೆ ಮುಂದೆ ಇದು ಪಾಪ್‌ಕಾರ್ನ್ ದುಡ್ಡು. ನಿಮ್ಮ ದೊಡ್ಡಮ್ಮನಿಗೆ ಕೆಲಸ ಬೇಕಾ ಅಂತ ಕೇಳಿ."

"ಗುರುವಾರ ಮಾತ್ರ ಬಿಡುವು ಅವರಿಗೆ" ಎಂದ ಆರ್ಡೆಲ್.

ಆಮೇಲೆ ಉದ್ದನೆಯ ಮೇಜಿನ ಸಭೆಯಲ್ಲಿ ಮಾಲೀಕರ ಸಾಲಿನ ನಡುವೆ ಕೂತಿದ್ದವನು ಹಾರ್ಲನ್ ಓಬರ್‌ಹೋಲ್ಟ್‌ಜರ್. ಹಾಸಿಗೆ ಕಾರ್ಖಾನೆಗಳ ಒಡೆಯ, ಎಂಬತ್ತರ ಆಸುಪಾಸು. ಮಾತು ಕಡಿಮೆ, ಕಿವಿಯಲ್ಲಿ ಯಂತ್ರ. ಆರ್ಡೆಲ್ ಹೇಳುವುದನ್ನೆಲ್ಲ ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ನಿದ್ದೆಯೋ ಧ್ಯಾನವೋ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಯುವ ಮಾಲೀಕನೊಬ್ಬ ಮುಖ ಸಿಂಡರಿಸಿದ.

"ಬೇರೆ ತಂಡದವನು ಮುದುಕನನ್ನ ಇಟ್ಕೊಂಡ್ರೆ ಅದಕ್ಕೆ ನಾನ್ಯಾಕೆ ಕೊಡಲಿ?"

"ಮುಂದಿನ ವರ್ಷ ನೀವು ಇಟ್ಕೊಂಡಾಗ ಅವರು ಕೊಡ್ತಾರೆ ಸಾರ್" ಎಂದ ಆರ್ಡೆಲ್. "ನಿಮ್ಮ ಕೈಯಿಂದ ಎರಡು ವರ್ಷ ಆಡಿದ ಹುಡುಗನಿಗೆ ಕೊಡುವಷ್ಟೇ ಹೋಗುತ್ತೆ. ಮಿಕ್ಕಿದ್ದು ಲೀಗಿನ ಡಬ್ಬಿಯಿಂದ. ಆಮೇಲೆ ನೀವು ಹುಡುಗನ್ನೇ ಆರಿಸ್ಕೊಳ್ಳಿ, ಹಳಬನ್ನೇ ಆರಿಸ್ಕೊಳ್ಳಿ. ಆಟ ನೋಡಿ ಆರಿಸಿ, ಬೆಲೆ ನೋಡಿ ಬೇಡ. ಅಷ್ಟೇ ಕೇಳ್ತಿರೋದು."

ಓಬರ್‌ಹೋಲ್ಟ್‌ಜರ್ ಕಣ್ಣು ತೆರೆದ. "ಆ ಮುದುಕ ಬೋಧಕ. ಅವನನ್ನ ಮತ್ತೆ ಕರೆದ್ರಾ?"

"ಕರೆದ್ರು ಸಾರ್. ನನ್ನ ದೊಡ್ಡಮ್ಮನ ಚರ್ಚೇ ಮೊದಲು ಕರೀತು."

"ಹೇಗೆ ಮಾಡಿದ ಉಪದೇಶ?"

ಸುಳ್ಳು ಹೇಳಿದರೆ ಮೀನು ಸಿಗುವುದಿಲ್ಲ ಎಂಬುದು ಆರ್ಡೆಲ್‌ಗೆ ಗೊತ್ತಿತ್ತು. "ತುಂಬಾ ಉದ್ದ ಆಯ್ತಂತೆ ಸಾರ್. ಎರಡೂವರೆ ಗಂಟೆ. ಊಟಕ್ಕಿಟ್ಟ ಕೋಳಿ ಆರಿಹೋಯ್ತು, ಮಕ್ಕಳು ನಿದ್ದೆಹೋದ್ರು. ಆದ್ರೆ ಹೊಲದ ಬೇಲಿಗೋಸ್ಕರ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಆವತ್ತು ಒಂದೇ ಬೆಂಚಲ್ಲಿ ಕೂತು ಆ ಆರಿದ ಕೋಳಿ ತಿಂದ್ರಂತೆ."

ಮುದುಕನ ಭುಜ ಅಲುಗತೊಡಗಿತು. ಕೆಮ್ಮು ಎಂದುಕೊಂಡು ಯಾರೋ ನೀರು ಮುಂದಿಟ್ಟರು. ಅದು ನಗು. "ನಮ್ಮೂರಿನ ಪಾದ್ರಿ ಮೂರು ಗಂಟೆ ಎಳೆಯೋರು" ಎಂದು ಅವನು ಕಣ್ಣೊರೆಸಿಕೊಂಡ. "ನನ್ನ ತಂಡದಲ್ಲಿ ಹುಡುಗರು ತುಂಬಿದ್ದಾರೆ. ಯಾರಿಗೂ ಹೆಸರು ಹಿಡಿದು ಬೈಯೋಕೆ ಒಬ್ಬ ದೊಡ್ಡವನಿಲ್ಲ. ಈ ಕಲಮು ಬರೆದುಕೊಳ್ಳಿ."

"ಹಾರ್ಲನ್, ನಾವು ಒಳಗೆ ಚರ್ಚೆ..." ಎಂದು ಯುವ ಮಾಲೀಕ ಶುರುಮಾಡಿದ. ಮುದುಕ ಕಿವಿಯ ಯಂತ್ರವನ್ನು ಆರಿಸಿ, ಮತ್ತೆ ಕಣ್ಣು ಮುಚ್ಚಿದ.

ಹಾಗೆಂದು ಬೀಗ ಮರುದಿನವೇ ತೆರೆಯಲಿಲ್ಲ. ದೊಡ್ಡ ಪಾಲಿನ ಜಗಳ ಕ್ರಿಸ್ಮಸ್ ದಾಟಿ ಎಳೆಯಿತು. ಕೊನೆಗೆ ಬಂದ ಒಪ್ಪಂದದಲ್ಲಿ ವಿಕರಿಯಂಥವರ ತಲೆಯ ಮೇಲೆ ಸೂರು ಬಿತ್ತು, ಹೊಸ ಹುಡುಗರ ಸಂಬಳಕ್ಕೆ ಅಳತೆಗೋಲು ಬಂತು, ನಡುವಿನವರಿಗೆ ಸ್ವಲ್ಪ ಹೆಚ್ಚು ಸಿಕ್ಕಿತು. ಗೆದ್ದವರು ಯಾರು ಎಂದು ಪತ್ರಿಕೆಗಳು ವಾರಗಟ್ಟಲೆ ಕಿತ್ತಾಡಿದವು. ಮುನ್ನೂರನೆಯ ಪುಟದ ಆಚೆ, ಯಾರೂ ಓದದ ಜಾಗದಲ್ಲಿ, ಏಳು ಸಾಲಿನ ಒಂದು ಕಲಮು ಇತ್ತು. ಆಟಗಾರರು ಅದಕ್ಕೆ ಮುದುಕರ ಕಲಮು ಎಂದು ಹೆಸರಿಟ್ಟರು.

*

ಜನವರಿಯಲ್ಲಿ ಬೀಗ ತೆಗೆಯುವ ದಿನ ಬಂತು. ತಂಡಗಳು ಆಟಗಾರರಿಗೆ ಫೋನು ಮಾಡುವುದು ಮಧ್ಯಾಹ್ನ ಹನ್ನೆರಡರ ಮೇಲೆಯೇ ಎಂದು ಲೀಗು ಸಾರಿತ್ತು. ಆರ್ಡೆಲ್ ದೊಡ್ಡಮ್ಮನ ಮನೆಯಲ್ಲಿ ಫೋನಿನ ಎದುರು ಹನ್ನೊಂದರಿಂದ ಕೂತಿದ್ದ. ಒಡೆಸ್ಸಾ ಸೊಪ್ಪು ಬಿಡಿಸುತ್ತಿದ್ದಳು.

"ದಿಟ್ಟಿಸಿ ನೋಡಿದ್ರೆ ರಿಂಗ್ ಆಗಲ್ಲ ಅದು. ಬಾ, ಸೊಪ್ಪು ಬಿಡಿಸು."

ಹನ್ನೆರಡಾಯಿತು. ಹನ್ನೆರಡಾಗಿ ಒಂದು ನಿಮಿಷ. ಎರಡು. ಆರ್ಡೆಲ್ ಸೊಪ್ಪಿನ ಎಲೆ ಬಿಟ್ಟು ದಂಟನ್ನು ಪಾತ್ರೆಗೆ ಹಾಕತೊಡಗಿದ. ಕರೆ ಬರದಿದ್ದರೂ ಕಲಮು ಇದೆ. ಬೇರೆ ಯಾರಾದರೊಬ್ಬ ಹಳಬನ ಮನೆಯಲ್ಲಿ ಈಗ ಫೋನು ರಿಂಗಣಿಸುತ್ತಿರಬಹುದು. ಅಷ್ಟಕ್ಕೆ ದೇವರಿಗೆ ಸ್ತೋತ್ರ ಎಂದು ಅವನು ಮನಸ್ಸಿನಲ್ಲಿ ಹೇಳಿಕೊಂಡ. ಅರ್ಧ ನಿಜವಾಗಿಯೇ ಹೇಳಿಕೊಂಡ.

ಹನ್ನೆರಡಾಗಿ ನಾಲ್ಕು ನಿಮಿಷಕ್ಕೆ ಫೋನು ರಿಂಗಣಿಸಿತು. ಒಡೆಸ್ಸಾ ಅವನಿಗಿಂತ ಮುಂಚೆ ಎತ್ತಿದಳು.

"ಯಾರು? ಓ, ಮೀನಿನವರಾ! ಹ್ಞೂಂ, ಇದ್ದಾನೆ. ಈಗ ನೆನಪಿದೆಯಾ ಯಾರು ಅಂತ?"

ಆ ಕಡೆಯಿಂದ ವಾಲ್ಟ್ ಕಿರುಚಿದ್ದು ಅಡುಗೆಮನೆಗೆಲ್ಲ ಕೇಳಿಸಿತು. "ಮೇಹ್ಯೂ! ಆರ್ಡೆಲ್ ಮೇಹ್ಯೂ! ಆರು ತಿಂಗಳಾಯ್ತು ನಿನ್ನ ಹೆಸರು ಬಾಯಲ್ಲಿ ಹೇಳಿ! ನಾಲ್ಕು ನಿಮಿಷದಿಂದ ಡಯಲ್ ಮಾಡ್ತಿದ್ದೀನಿ, ಅವಸರಕ್ಕೆ ಬೆರಳು ತಪ್ಪಿ ಯಾವುದೋ ಗರಗಸದ ಅಂಗಡಿಗೆ ಹೋಗ್ತಿದೆ. ಯಜಮಾನರು ಒಪ್ಪಿದ್ರು. ಒಂದು ವರ್ಷ. ನಾಳೆ ಬೆಳಿಗ್ಗೆ ಬಾ. ಬರ್ತಾ ಮೀನು ತಾ."

ಕಾಲ ಕಡಿಮೆಯಾದ್ದರಿಂದ ಆ ವರ್ಷ ಆಟಗಳನ್ನೆಲ್ಲ ಮೂರೇ ತಿಂಗಳಿಗೆ ಒತ್ತಿ ತುಂಬಿದ್ದರು. ವಾರದ ಯಾವ ದಿನವನ್ನೂ ಬಿಟ್ಟಿರಲಿಲ್ಲ. ಆಟಗಾರರೆಲ್ಲ ವೇಳಾಪಟ್ಟಿ ನೋಡಿ ಹಣೆ ಚಚ್ಚಿಕೊಂಡರು. ಆರ್ಡೆಲ್ ಮಾತ್ರ ಬೆರಳಿಟ್ಟು ಎಣಿಸಿದ: ತಂಡದ ನಗರದಲ್ಲೇ ಐದು ಗುರುವಾರ.

ಮೊದಲ ಗುರುವಾರವೇ ಒಡೆಸ್ಸಾ ಬಂದಳು. ಚರ್ಚಿನ ಬಿಳಿ ಉಡುಪು, ಗರಿಯಿದ್ದ ಬಿಳಿ ಟೋಪಿ, ಕಂಕುಳಲ್ಲಿ ಬೆಳ್ಳಿ ಕಾಗದ ಸುತ್ತಿದ ಮೀನಿನ ಪೊಟ್ಟಣ. ಟೋಪಿಯಿಂದ ಹಿಂದಿನ ಸಾಲಿನವನಿಗೆ ಆಟ ಕಾಣಲಿಲ್ಲ. ಅವನು ಗೊಣಗಿದ, ಅವಳು ಟೋಪಿ ತೆಗೆಯಲಿಲ್ಲ, ಒಂದು ತುಂಡು ಮೀನು ಕೊಟ್ಟಳು. ಅವನು ಸುಮ್ಮನಾದ.

ಆಟದ ನಾಲ್ಕು ಪಾಳಿಗಳಲ್ಲಿ ಮೂರು ಪಾಳಿ ಆರ್ಡೆಲ್ ಬೆಂಚಿನ ಮೇಲೇ ಇದ್ದ. ಪಕ್ಕದ ಹುಡುಗರ ಕಿವಿಯಲ್ಲಿ ಏನೋ ಹೇಳುತ್ತಿದ್ದ, ಮಂಡಿಗೆ ಮಂಜುಗಡ್ಡೆ ಕಟ್ಟಿಕೊಳ್ಳುತ್ತಿದ್ದ. ಕೊನೆಯ ಪಾಳಿಯಲ್ಲಿ ವಾಲ್ಟ್ ಅವನ ಹೆಸರನ್ನು, ಬೇಕಾದ್ದಕ್ಕಿಂತ ಜೋರಾಗಿ, ಕೂಗಿದ. ಆರು ನಿಮಿಷ ಆಡಿದ. ಒಂದೂ ಚೆಂಡನ್ನು ಬುಟ್ಟಿಗೆ ಹಾಕಲಿಲ್ಲ. ಇಬ್ಬರಿಗೆ ಅಡ್ಡ ನಿಂತ, ಒಮ್ಮೆ ಬೆನ್ನ ಮೇಲೆ ಬಿದ್ದ, ನಾಲ್ಕು ಚೆಂಡು ಹಿಡಿದು ಹುಡುಗರಿಗೆ ಕೊಟ್ಟ. ಹುಡುಗರು ಹಾಕಿದರು. ತಂಡ ಮೂರು ಅಂಕದಿಂದ ಗೆದ್ದಿತು.

ಆಟ ಮುಗಿದ ಮೇಲೆ ಅವನು ಪ್ರೇಕ್ಷಕರ ಸಾಲಿನ ಬಳಿ ಬಂದಾಗ ದೊಡ್ಡಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇಷ್ಟೇನಾ ಮಗಾ? ಅಷ್ಟು ದೊಡ್ಡ ಜಗಳ ಆಡಿ, ಊರೆಲ್ಲ ಬೀಗ ಹಾಕಿಸ್ಕೊಂಡು, ಕೊನೆಗೆ ಕುರ್ಚಿ ಮೇಲೆ ಕೂರೋಕೆ ಹತ್ತು ಲಕ್ಷ ಕೊಡ್ತಾರಾ?"

"ಆರು ನಿಮಿಷ ಆಡಿದ್ನಲ್ಲ ದೊಡ್ಡಮ್ಮ!"

"ಆಡಿದೆ, ಆಡಿದೆ. ಬಿದ್ದಾಗ ಚೆನ್ನಾಗಿ ಎದ್ದೆ." ಅವಳು ಕೈಚೀಲದಿಂದ ಚಿಕ್ಕ ಡೈರಿ ತೆಗೆದು, ಕನ್ನಡಕ ಮೂಗಿಗೇರಿಸಿ, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿದಳು. "ಮುಂದಿನ ಗುರುವಾರ ಯಾವ ತಾರೀಖು ಅಂದೆ?"